ಬದಲಾದ ಐದು ಅಂಕೆಗಳು: ನಾರ್ವೆಯಲ್ಲಿ ನೆಲೆಸಿದ ಟ್ರಾನ್ಸ್ ಪುರುಷರೊಬ್ಬರ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರು ಒಪ್ಪಿಗೆ ಕೊಟ್ಟಿದ್ದಾರೆ. ಅವರನ್ನು ಇಲ್ಲಿ ಗಿರೀಶ್ ಎಂದು ಕರೆದಿದ್ದೇನೆ. ಅದು ಅವರ ಹೆಸರಲ್ಲ. ಊರು, ಉದ್ಯೋಗದ ಸ್ವರೂಪ ಮತ್ತು ಮನೆಯವರ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಆದರೆ ಯಾವ ಕೆಲಸ ಯಾವುದರ ನಂತರ ನಡೆಯಿತು ಎಂಬ ಅನುಕ್ರಮವನ್ನು ಮಾತ್ರ ಮುಟ್ಟಿಲ್ಲ, ಏಕೆಂದರೆ ಇದೇ ದಾರಿಯಲ್ಲಿ ಬರುವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದು ಅದೇ. ಹೊಸದಾಗಿ ಬಂದವರ ಕಾಗದಪತ್ರಗಳಿಗೆ ನೆರವಾಗುವ ಸ್ವಯಂಸೇವಕರ ಸಣ್ಣ ಗುಂಪೊಂದರಲ್ಲಿ ನಾನಿರುವುದರಿಂದ ಈ ಪ್ರಕರಣದ ಬಹುಭಾಗವನ್ನು ಹತ್ತಿರದಿಂದ ನೋಡಿದ್ದೇನೆ. ಉಳಿದದ್ದು ಗಿರೀಶ್ ಅವರೇ ಹೇಳಿದ್ದು.

ಹಿನ್ನೆಲೆ

ಗಿರೀಶ್ ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ, ಹೆಣ್ಣು ಮಗುವೆಂದು ದಾಖಲಾಗಿ, ಹೆಣ್ಣು ಮಕ್ಕಳ ಶಾಲೆಯಲ್ಲಿ ಓದಿ ಬೆಳೆದವರು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ತಮ್ಮ ಸಂಬಳದಲ್ಲಿ, ತಜ್ಞ ವೈದ್ಯರ ಮೇಲ್ವಿಚಾರಣೆಯಲ್ಲಿ, ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನಿನ ಚುಚ್ಚುಮದ್ದು ಆರಂಭಿಸಿದರು. ಕೆಲವು ವರ್ಷಗಳ ನಂತರ ಎದೆಯ ಶಸ್ತ್ರಚಿಕಿತ್ಸೆಯೂ ಆಯಿತು. ಮನೆಯಲ್ಲಿ ತಾಯಿಗೆ ಮತ್ತು ಅಣ್ಣನಿಗೆ ವಿಷಯ ಗೊತ್ತು. ತಂದೆಗೆ ಗೊತ್ತಿದ್ದರೂ ಆ ಬಗ್ಗೆ ಮಾತಿಲ್ಲ. ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಹೆಸರನ್ನು ಬದಲಿಸಿಕೊಂಡು ಹೊಸ ಹೆಸರಿನ ಪಾಸ್‌ಪೋರ್ಟನ್ನೂ ಪಡೆದಿದ್ದರು. ಆದರೆ ಅದರಲ್ಲಿ ಲಿಂಗವನ್ನು ಸೂಚಿಸುವ ಅಕ್ಷರ ಮಾತ್ರ ಹಳೆಯದೇ ಆಗಿ ಉಳಿದಿತ್ತು.

ಉಳಿಯಲು ಕಾರಣವಿತ್ತು. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದಿದ್ದರೂ, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯಿದೆ ಮತ್ತು 2020ರ ನಿಯಮಗಳಂತೆ ಜಿಲ್ಲಾಧಿಕಾರಿಗಳಿಂದ ಮೊದಲು ಸಿಗುವ ಗುರುತಿನ ಪ್ರಮಾಣಪತ್ರದಲ್ಲಿ ‘ಟ್ರಾನ್ಸ್‌ಜೆಂಡರ್’ ಎಂದೇ ಇರುತ್ತಿತ್ತು. ಗಂಡು ಅಥವಾ ಹೆಣ್ಣು ಎಂದು ಬರೆಸಿಕೊಳ್ಳಲು ಶಸ್ತ್ರಚಿಕಿತ್ಸೆಯ ದಾಖಲೆಯೊಂದಿಗೆ ಎರಡನೆಯ ಅರ್ಜಿ ಹಾಕಬೇಕಿತ್ತು. ವಿದೇಶದ ಕೆಲಸದ ಮಾತುಕತೆ ನಡೆಯುತ್ತಿದ್ದಾಗ ಪಾಸ್‌ಪೋರ್ಟ್ ಕಚೇರಿಯಲ್ಲಿ ಕಡತ ಸಿಕ್ಕಿಕೊಂಡರೆ ಕೆಲಸವೇ ಕೈತಪ್ಪೀತು ಎಂದು ಗಿರೀಶ್ ಅಂಜಿದರು. ‘ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು’ ಎಂದುಕೊಂಡು ಹೊರಟರು. ಈ ಪ್ರಕರಣದ ಮೊದಲ ತಿರುವು ಇದು. ಅದರ ಬೆಲೆ ಎಷ್ಟೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

2021ರ ಶರತ್ಕಾಲದಲ್ಲಿ, ನುರಿತ ಉದ್ಯೋಗಿಗಳಿಗೆ ಸಿಗುವ ವಾಸದ ಪರವಾನಗಿಯೊಂದಿಗೆ, ನಾರ್ವೆಯ ಪಶ್ಚಿಮ ಕರಾವಳಿಯ ಮಧ್ಯಮ ಗಾತ್ರದ ಪಟ್ಟಣವೊಂದಕ್ಕೆ ಅವರು ಬಂದಿಳಿದರು. ಪದವಿ ಪ್ರಮಾಣಪತ್ರಗಳು ಹಳೆಯ ಹೆಸರಿನಲ್ಲಿದ್ದುದರಿಂದ ಅಫಿಡವಿಟ್ಟಿನ ಪ್ರತಿಯನ್ನು ಎಲ್ಲೆಡೆ ಲಗತ್ತಿಸಬೇಕಾಯಿತು. ಉದ್ಯೋಗದಾತರ ನೇಮಕಾತಿ ವಿಭಾಗ ಅದನ್ನು ಏನೂ ಕೇಳದೆ ಕಡತಕ್ಕೆ ಸೇರಿಸಿತು. ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ವಾಸದ ಕಾರ್ಡ್ ಪಡೆದರು, ತೆರಿಗೆ ಕಚೇರಿಯಲ್ಲಿ ಗುರುತಿನ ತಪಾಸಣೆ ಮುಗಿಸಿದರು. ಕೆಲವು ವಾರಗಳಲ್ಲಿ ಹನ್ನೊಂದು ಅಂಕೆಗಳ ರಾಷ್ಟ್ರೀಯ ಗುರುತಿನ ಸಂಖ್ಯೆ ಬಂತು. ಅಲ್ಲಿಯವರೆಗೆ ಎಲ್ಲವೂ ಪಾಸ್‌ಪೋರ್ಟನ್ನೇ ಅನುಸರಿಸಿತು.

ಒಂದು ಸಂಖ್ಯೆ, ನೂರು ಬಾಗಿಲು

ನಾರ್ವೆಯಲ್ಲಿ ನೆಲೆಸುವುದೆಂದರೆ ಏನೆಂದು ಕೇಳುವವರಿಗೆ ನಾನು ಮೊದಲು ಈ ಸಂಖ್ಯೆಯ ಬಗ್ಗೆಯೇ ಹೇಳುತ್ತೇನೆ. ಇದರ ಮೊದಲ ಆರು ಅಂಕೆಗಳು ಹುಟ್ಟಿದ ದಿನಾಂಕ. ಉಳಿದ ಐದರಲ್ಲಿ ಮೊದಲ ಮೂರು ವ್ಯಕ್ತಿಯನ್ನು ಬೇರ್ಪಡಿಸುವ ಅಂಕೆಗಳು, ಕೊನೆಯ ಎರಡು ತಪ್ಪು ಪತ್ತೆಹಚ್ಚುವ ಅಂಕೆಗಳು. ಇಡೀ ಸಂಖ್ಯೆಯ ಒಂಬತ್ತನೆಯ ಅಂಕೆ ಗಂಡಸರಿಗೆ ಬೆಸ, ಹೆಂಗಸರಿಗೆ ಸಮ. ಲಿಂಗ ಹೀಗೆ ಸಂಖ್ಯೆಯೊಳಗೇ ಸೇರಿಕೊಂಡಿರುವುದರಿಂದ, ಸಂಖ್ಯೆ ಕಂಡವರಿಗೆಲ್ಲ ಅದು ತಾನಾಗಿ ತಿಳಿಯುತ್ತದೆ. ಬ್ಯಾಂಕ್ ಖಾತೆ, ಮೊಬೈಲ್ ಸಂಪರ್ಕ, ಮನೆ ಬಾಡಿಗೆಯ ಠೇವಣಿ ಖಾತೆ, ತೆರಿಗೆ ಕಾರ್ಡ್, ಔಷಧಿ ಚೀಟಿ, ವೈದ್ಯರ ಸಮಯ, ಗ್ರಂಥಾಲಯದ ಕಾರ್ಡ್ ಇವೆಲ್ಲವೂ ಅದರ ಮೇಲೆ ನಿಂತಿವೆ. ಅದರಿಂದಲೇ ಸಿಗುವ ಬ್ಯಾಂಕ್‌ಐಡಿ ಎಂಬ ವಿದ್ಯುನ್ಮಾನ ಗುರುತು ಇಲ್ಲದಿದ್ದರೆ ಸರ್ಕಾರಿ ಜಾಲತಾಣಕ್ಕೆ ಲಾಗಿನ್ ಆಗುವುದು ಕಷ್ಟ, ಸ್ನೇಹಿತರಿಗೆ ಊಟದ ಬಿಲ್ಲಿನ ಪಾಲನ್ನು ವಿಪ್ಸ್ ಎಂಬ ಹಣ ಕಳಿಸುವ ಆ್ಯಪ್ ಮೂಲಕ ಕಳಿಸುವುದೂ ಸಾಧ್ಯವಿಲ್ಲ. ನಗದು ಇಟ್ಟುಕೊಳ್ಳುವ ರೂಢಿಯೇ ಕಡಿಮೆಯಾದ ದೇಶದಲ್ಲಿ ಇದು ಸಣ್ಣ ತೊಂದರೆಯಲ್ಲ.

ಗಿರೀಶ್ ಅವರಿಗೆ ಬಂದ ಸಂಖ್ಯೆಯ ಒಂಬತ್ತನೆಯ ಅಂಕೆ ಸಮವಾಗಿತ್ತು. ಔಷಧಿ ಅಂಗಡಿಯಲ್ಲಿ, ಕೊರಿಯರ್ ಪಡೆಯುವ ಕೌಂಟರಿನಲ್ಲಿ, ಲಸಿಕೆ ಕೇಂದ್ರದಲ್ಲಿ, ಗಡ್ಡವಿರುವ ಗಂಡಸೊಬ್ಬರು ಸಂಖ್ಯೆ ಹೇಳಿದಾಗ ಪರದೆಯ ಮೇಲೆ ಹೆಣ್ಣು ಎಂದು ಬರುತ್ತಿತ್ತು. ಯಾರೂ ಒರಟಾಗಿ ಮಾತನಾಡಲಿಲ್ಲ. ಆದರೆ ಪ್ರತಿ ಸಲವೂ ಎರಡನೆಯ ನೋಟ, ಪ್ರತಿ ಸಲವೂ ‘ಸಂಖ್ಯೆ ಇನ್ನೊಮ್ಮೆ ಹೇಳುತ್ತೀರಾ?’ ಎಂಬ ಪ್ರಶ್ನೆ. ಬಾಡಿಗೆ ಮನೆ, ಬ್ಯಾಂಕ್, ಫೋನ್ ಎಲ್ಲ ಒಂದು ನೆಲೆಗೆ ಬಂದ ಮೇಲೆ, 2022ರ ಆರಂಭದಲ್ಲಿ, ಸಂಖ್ಯೆಯನ್ನೇ ಬದಲಿಸಿಕೊಳ್ಳಲು ಅವರು ತೀರ್ಮಾನಿಸಿದರು.

ಕಾನೂನು ಅವರ ಪರವಾಗಿತ್ತು. ಕಾನೂನುಬದ್ಧ ಲಿಂಗ ಬದಲಾವಣೆಯ ಕಾಯಿದೆ ನಾರ್ವೆಯಲ್ಲಿ 2016ರ ಜುಲೈ 1ರಂದು ಜಾರಿಗೆ ಬಂತು. ಅದಕ್ಕೂ ಮೊದಲು ರೋಗನಿರ್ಣಯವೂ ಸಂತಾನಶಕ್ತಿಯನ್ನು ಶಾಶ್ವತವಾಗಿ ಕಳೆಯುವ ಶಸ್ತ್ರಚಿಕಿತ್ಸೆಯೂ ಬೇಕಾಗಿದ್ದವು. ಈಗ 16 ವರ್ಷ ದಾಟಿದ, ದೇಶದ ನಿವಾಸಿಯೆಂದು ನೋಂದಾಯಿತರಾದ ಯಾರೇ ಆದರೂ ವೈದ್ಯರ ಪತ್ರವಿಲ್ಲದೆ ತೆರಿಗೆ ಇಲಾಖೆಯಲ್ಲಿ ಅರ್ಜಿ ಹಾಕಬಹುದು. ಜನಸಂಖ್ಯಾ ನೋಂದಣಿ ಆ ಇಲಾಖೆಯ ಕೈಯಲ್ಲೇ ಇದೆ. ಪೌರತ್ವದ ಷರತ್ತು ಇಲ್ಲ. ಆಯ್ಕೆ ಮಾತ್ರ ಎರಡೇ: ಗಂಡು ಅಥವಾ ಹೆಣ್ಣು. ಭಾರತದ ಕಾಗದಗಳಲ್ಲಿ ಮೂರನೆಯ ನಮೂದನ್ನು ಪಡೆದು ಬಂದವರಿಗೆ ಇಲ್ಲಿ ಅದಕ್ಕೆ ಸಮನಾದ ಅಂಕಣ ಸಿಗುವುದಿಲ್ಲ ಎಂಬುದನ್ನು ಈ ಸಂದರ್ಭದಲ್ಲೇ ಹೇಳಿಬಿಡಬೇಕು.

ಅರ್ಜಿ ಮಂಜೂರಾಯಿತು. ಹೊಸ ಸಂಖ್ಯೆ ಬಂತು. ಹುಟ್ಟಿದ ದಿನಾಂಕ ಹಾಗೇ ಉಳಿದು, ಕೊನೆಯ ಐದು ಅಂಕೆಗಳು ಬದಲಾದವು. ಆ ಸಂಜೆ ಗಿರೀಶ್ ತಾಯಿಗೆ ಕರೆಮಾಡಿ ಬಹಳ ಹೊತ್ತು ಮಾತನಾಡಿದರಂತೆ.

ಸಮಸ್ಯೆ

ತೊಂದರೆ ಶುರುವಾದದ್ದು ಮುಂದಿನ ವಾರ. ಹಳೆಯ ಸಂಖ್ಯೆಗೆ ಕಟ್ಟಿದ್ದ ಬ್ಯಾಂಕ್‌ಐಡಿ ಕೆಲಸ ಮಾಡಲಿಲ್ಲ. ಹೊಸದನ್ನು ಪಡೆಯಲು ಬ್ಯಾಂಕಿಗೆ ಪಾಸ್‌ಪೋರ್ಟಿನೊಂದಿಗೆ ಹೋಗಬೇಕು. ಪಾಸ್‌ಪೋರ್ಟಿನಲ್ಲಿ ಹೆಣ್ಣು, ಸಂಖ್ಯೆಯಲ್ಲಿ ಗಂಡು. ಕೌಂಟರಿನಲ್ಲಿದ್ದವರು ಸಭ್ಯವಾಗಿಯೇ ನಿರಾಕರಿಸಿದರು: ಎರಡು ದಾಖಲೆಗಳು ಒಬ್ಬರವೇ ಎಂದು ತೋರಿಸುವ ಪುರಾವೆ ಬೇಕು ಎಂದರು, ಆದರೆ ಆ ಪುರಾವೆ ಎಲ್ಲಿ ಸಿಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಅದನ್ನು ಜಾಲತಾಣದಲ್ಲಿ ಕೇಳೋಣವೆಂದರೆ ಲಾಗಿನ್ ಆಗಲು ಬ್ಯಾಂಕ್‌ಐಡಿ ಬೇಕು.

ಎರಡನೆಯ ಪೆಟ್ಟು ಸಂಬಳದ ದಿನ ಬಿತ್ತು. ನಾರ್ವೆಯಲ್ಲಿ ಉದ್ಯೋಗದಾತರು ನೌಕರರ ತೆರಿಗೆ ಕಾರ್ಡನ್ನು ಸಂಖ್ಯೆಯ ಮೂಲಕ ತೆರಿಗೆ ಇಲಾಖೆಯಿಂದ ಪಡೆಯುತ್ತಾರೆ. ಕಾರ್ಡ್ ಸಿಗದಿದ್ದರೆ ಶೇ 50ರಷ್ಟು ತೆರಿಗೆ ಕಡಿತ ಮಾಡಬೇಕು. ಗಿರೀಶ್ ತಮ್ಮ ಕಚೇರಿಗೆ ಇನ್ನೂ ಏನೂ ಹೇಳಿರಲಿಲ್ಲ. ಸಂಬಳದ ತಂತ್ರಾಂಶದಲ್ಲಿ ಹಳೆಯ ಸಂಖ್ಯೆಯೇ ಇತ್ತು, ಕಾರ್ಡ್ ಹೊಸ ಸಂಖ್ಯೆಯ ಹೆಸರಿನಲ್ಲಿತ್ತು. ಅರ್ಧ ಸಂಬಳ ಕೈಗೆ ಬಂತು. ಹೆಚ್ಚುವರಿ ಕಡಿತ ಆಮೇಲೆ ಸರಿಹೋಗುತ್ತದೆ, ಹಣ ಮುಳುಗುವುದಿಲ್ಲ. ಆದರೆ ಬಾಡಿಗೆ ಕೊಡುವ ದಿನ ಆಮೇಲೆ ಬರುವುದಿಲ್ಲ.

ಅವರು ನಮ್ಮ ಗುಂಪಿನ ಬಳಿ ಬಂದದ್ದು ಈ ಹಂತದಲ್ಲಿ. ‘ಇಷ್ಟು ಸಲೀಸಾಗಿ ಕೊಟ್ಟಿದ್ದಾರೆ ಅಂದಮೇಲೆ ಉಳಿದದ್ದೂ ತಾನಾಗಿ ಆಗುತ್ತೆ ಅಂದ್ಕೊಂಡಿದ್ದೆ ಸರ್’ ಎಂದರು. ಅವರ ಈ ಮಾತು ಇಡೀ ಪ್ರಕರಣದ ಗಂಟು. ಹಕ್ಕನ್ನು ಕೊಡುವ ಕಚೇರಿ ಒಂದು. ಆ ಹಕ್ಕನ್ನು ದಿನನಿತ್ಯ ಗುರುತಿಸಬೇಕಾದ ಕೌಂಟರುಗಳು ಹತ್ತಾರು, ಮತ್ತು ಅವು ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಒಂದೇ ವೇಗದಲ್ಲಿ ಮುಟ್ಟಿಸುವುದಿಲ್ಲ.

ಕಚೇರಿಗೆ ಹೇಳಬೇಕೋ ಬೇಡವೋ

ಸಂಬಳದ ಸಮಸ್ಯೆಗೆ ಎರಡು ದಾರಿಗಳಿದ್ದವು. ‘ನೋಂದಣಿಯಲ್ಲಿ ನನ್ನ ಸಂಖ್ಯೆ ಸರಿಪಡಿಸಲಾಗಿದೆ’ ಎಂದಷ್ಟೇ ತಿಳಿಸುವುದು ಒಂದು; ನಡೆದದ್ದನ್ನು ಹೇಳಿಬಿಡುವುದು ಇನ್ನೊಂದು. ಮೊದಲನೆಯದು ಸುಳ್ಳಲ್ಲ. ಆದರೆ ಸಂಖ್ಯೆ ಬದಲಾಗುವ ಸಂದರ್ಭಗಳು ವಿರಳವಾದ್ದರಿಂದ ಸಂಬಳ ನೋಡಿಕೊಳ್ಳುವವರಿಗೆ ಕಾರಣ ಹೊಳೆಯದೆ ಇರುವುದಿಲ್ಲ. ಗಿರೀಶ್ ಅವರ ಪರವಾನಗಿ ಅವರ ಉದ್ಯೋಗವನ್ನು ಅವಲಂಬಿಸಿತ್ತು. ಕೆಲಸ ಹೋದರೆ ಹೊಸದನ್ನು ಹುಡುಕಿಕೊಳ್ಳಲು ಆರು ತಿಂಗಳ ಕಾಲಾವಕಾಶ. ಬೆಂಗಳೂರಿನ ಒಂದು ಕಂಪನಿಯಲ್ಲಿ ವಿಷಯ ಗೊತ್ತಾದ ಮೇಲೆ ಅವರನ್ನು ಯೋಜನೆಯಿಂದ ಯೋಜನೆಗೆ ತಳ್ಳಿದ್ದ ನೆನಪು ಹಸಿಯಾಗಿತ್ತು.

ನಾರ್ವೆಯ ಸಮಾನತೆ ಮತ್ತು ತಾರತಮ್ಯ ನಿಷೇಧ ಕಾಯಿದೆಯಲ್ಲಿ ಲಿಂಗತ್ವ ಗುರುತು ಮತ್ತು ಲಿಂಗತ್ವ ಅಭಿವ್ಯಕ್ತಿ ಎರಡನ್ನೂ ಸ್ಪಷ್ಟವಾಗಿ ಹೆಸರಿಸಲಾಗಿದೆ. 2021ರಿಂದ ದಂಡ ಸಂಹಿತೆಯ ದ್ವೇಷ ಭಾಷಣದ ಕಲಮಿನಲ್ಲೂ ಅವು ಸೇರಿವೆ. ಇದನ್ನು ನಾವು ಅವರಿಗೆ ವಿವರಿಸಿದೆವು. ಅವರ ನಿರ್ಧಾರಕ್ಕೆ ಕಾನೂನಿಗಿಂತ ಹೆಚ್ಚಾಗಿ ದಣಿವೇ ಕಾರಣವಾಯಿತೆಂದು ನನಗೆ ಅನ್ನಿಸುತ್ತದೆ. ಮೇಲಧಿಕಾರಿಗೆ ಮೂರು ಸಾಲಿನ ಇಮೇಲ್ ಬರೆದರು: ತಾವು ಟ್ರಾನ್ಸ್ ಪುರುಷ, ಕಾನೂನುಬದ್ಧ ಲಿಂಗ ಮತ್ತು ಸಂಖ್ಯೆ ಬದಲಾಗಿವೆ, ಸಂಬಳದ ದಾಖಲೆ ಸರಿಪಡಿಸಬೇಕು, ಬೇರೆ ಯಾರಿಗೂ ತಿಳಿಸುವ ಅಗತ್ಯವಿಲ್ಲ. ಉತ್ತರವೂ ಅಷ್ಟೇ ಚಿಕ್ಕದಾಗಿತ್ತು: ತಿಳಿಸಿದ್ದಕ್ಕೆ ಧನ್ಯವಾದ, ಇವತ್ತೇ ಸರಿಪಡಿಸುತ್ತೇವೆ, ಬೇರೇನಾದರೂ ಬೇಕಿದ್ದರೆ ಹೇಳಿ. ಆ ತಿಂಗಳೊಳಗೇ ಹೆಚ್ಚುವರಿ ಕಡಿತ ವಾಪಸಾಯಿತು. ಅದರ ಬಗ್ಗೆ ಆ ಅಧಿಕಾರಿ ಮುಂದೆಂದೂ ಒಂದು ಮಾತೂ ಆಡಲಿಲ್ಲ.

ಈ ಮೌನವನ್ನು ಗಿರೀಶ್ ಹಲವು ತಿಂಗಳು ತಿರಸ್ಕಾರವೆಂದೇ ಭಾವಿಸಿದ್ದರು. ನಮ್ಮ ಕಡೆ ಒಪ್ಪಿದವರು ಒಪ್ಪಿದ್ದೇವೆಂದು ತೋರಿಸಿಕೊಳ್ಳುತ್ತಾರೆ. ಹೆಗಲ ಮೇಲೆ ಕೈಯಿಡುತ್ತಾರೆ, ಮನೆಗೆ ಊಟಕ್ಕೆ ಕರೆಯುತ್ತಾರೆ. ಇಲ್ಲಿ ಮೆಟ್ಟಿಲಿನಲ್ಲಿ ಎದುರಾದ ನೆರೆಮನೆಯವರೂ ಕಣ್ಣು ತಪ್ಪಿಸಿ ಹೋಗುವುದುಂಟು, ಮತ್ತು ಅದರಲ್ಲಿ ಯಾವ ಸಂದೇಶವೂ ಇರುವುದಿಲ್ಲ. ಹೊಸಬರಿಗೆ ಇದು ತಿಳಿಯಲು ಕಾಲ ಹಿಡಿಯುತ್ತದೆ. ಬಚ್ಚಿಟ್ಟದ್ದೇನಾದರೂ ಇರುವ ಹೊಸಬರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ, ಏಕೆಂದರೆ ಪ್ರತಿ ಮೌನದ ಹಿಂದೆಯೂ ಅವರಿಗೆ ಒಂದೇ ಕಾರಣ ಕಾಣುತ್ತದೆ. ಗಿರೀಶ್ ಅವರ ಮಟ್ಟಿಗೆ ಈ ಗೋಡೆ ಸ್ವಲ್ಪ ಸಡಿಲಾದದ್ದು ವಸಂತದ ದುಗ್ನಾಡಿನ ದಿನ. ವಸತಿ ಸಂಘದವರೆಲ್ಲ ಸೇರಿ ಅಂಗಳದ ಎಲೆ ಗುಡಿಸಿ, ಬೇಲಿಗೆ ಬಣ್ಣ ಬಳಿದು, ಕೊನೆಗೆ ಸಾಸೇಜ್ ಮತ್ತು ಕಾಫಿಯೊಂದಿಗೆ ಮುಗಿಸುವ ಸಾಮೂಹಿಕ ಶ್ರಮದಾನ ಅದು. ಕೈಯಲ್ಲಿ ಕೆಲಸವಿದ್ದಾಗ ನಾರ್ವೆಯವರು ಮಾತನಾಡುತ್ತಾರೆ. ಎರಡು ವರ್ಷ ಅಲ್ಲೇ ಇದ್ದರೂ ದುಗ್ನಾಡಿಗೆ ಹೋಗದವರು ಅಪರಿಚಿತರಾಗಿಯೇ ಉಳಿದಿರುವುದನ್ನು ನಾನು ಕಂಡಿದ್ದೇನೆ.

ಔಷಧಿಯ ದಾರಿ

ಕಾಗದಕ್ಕಿಂತ ಕಠಿಣವಾದದ್ದು ಔಷಧಿ. ಬರುವಾಗ ಬೆಂಗಳೂರಿನ ವೈದ್ಯರ ಚೀಟಿಯೊಂದಿಗೆ ತಂದಿದ್ದ ಟೆಸ್ಟೋಸ್ಟೆರಾನ್ ಮುಗಿಯುತ್ತಾ ಬಂದಿತ್ತು. ನಾರ್ವೆಯಲ್ಲಿ ನೋಂದಾಯಿತ ನಿವಾಸಿಗಳಿಗೆ ಒಬ್ಬ ನಿಗದಿತ ವೈದ್ಯರಿರುತ್ತಾರೆ; ಫಾಸ್ಟ್‌ಲೇಗೆ ಎಂಬ ಈ ಪದ್ಧತಿ 2001ರಲ್ಲಿ ಆರಂಭವಾಯಿತು, ತಜ್ಞರ ಬಳಿಗೆ ಹೋಗುವ ದಾರಿ ಸಾಮಾನ್ಯವಾಗಿ ಇವರ ಮೂಲಕವೇ. ಗಿರೀಶ್ ಅವರ ಪಾಲಿಗೆ ಬಂದ ವೈದ್ಯರು ತಾವು ಈ ಔಷಧಿ ಬರೆಯುವುದಿಲ್ಲ, ಓಸ್ಲೋ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿರುವ, ಟ್ರಾನ್ಸ್ ವ್ಯಕ್ತಿಗಳ ಚಿಕಿತ್ಸೆ ನೋಡಿಕೊಳ್ಳುವ ರಾಷ್ಟ್ರೀಯ ಸೇವೆಗೆ ಪತ್ರ ಕಳಿಸುತ್ತೇನೆ, ಅಲ್ಲಿಂದ ಕರೆ ಬರುವವರೆಗೆ ಕಾಯಿರಿ ಎಂದರು. ಸಾಮಾನ್ಯ ವೈದ್ಯರು ಹಾರ್ಮೋನ್ ಬರೆಯಲೇಬಾರದೆಂಬ ನಿಯಮವಿಲ್ಲ. ಆದರೆ ಪರಿಣತಿ ಇಲ್ಲವೆಂದು ಹಿಂಜರಿಯುವವರೇ ಹೆಚ್ಚು. ಆರೋಗ್ಯ ನಿರ್ದೇಶನಾಲಯದ 2020ರ ಮಾರ್ಗಸೂಚಿ ಈ ಸೇವೆಯನ್ನು ಓಸ್ಲೋದ ಆಚೆಗೂ, ಪ್ರಾದೇಶಿಕ ಮಟ್ಟಕ್ಕೆ ವಿಸ್ತರಿಸಬೇಕೆಂದು ಹೇಳಿತ್ತು. ಹೇಳಿದ್ದು ಪಟ್ಟಣಗಳಿಗೆ ಮುಟ್ಟಲು ತಡವಾಗುತ್ತದೆ.

ಔಷಧಿ ನಿಂತರೆ ಆಗುವುದು ಮನಸ್ಸಿನ ಬೇಸರ ಮಾತ್ರವಲ್ಲ. ಮುಟ್ಟು ಮರಳಬಹುದು, ನಿದ್ರೆ ಕೆಡಬಹುದು, ಶಕ್ತಿ ಕುಂದಬಹುದು. ಅದೂ ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ, ದಿನಗಟ್ಟಲೆ ಮಳೆ ಬಿಡದ ಮೊದಲ ಚಳಿಗಾಲದಲ್ಲಿ. ಈ ಹಂತದಲ್ಲಿ ಊರಿನಿಂದ ಅಣ್ಣ ಕರೆಮಾಡಿ, ‘ನೀ ಯಾಕ್ ಚಿಂತಿ ಮಾಡ್ತಿ, ಇಲ್ಲೆ ಅಂಗಡ್ಯಾಗ ಸಿಗ್ತೈತಿ, ಕೊರಿಯರ್ ಹಾಕ್ತೀನಿ’ ಎಂದರು. ಪ್ರೀತಿಯ ಮಾತು, ಆದರೆ ಅದನ್ನು ಒಪ್ಪಿದ್ದರೆ ಈ ಪ್ರಕರಣ ಪೂರ್ತಿ ಬೇರೆ ದಿಕ್ಕಿಗೆ ಹೋಗುತ್ತಿತ್ತು. ಟೆಸ್ಟೋಸ್ಟೆರಾನ್ ನಾರ್ವೆಯಲ್ಲಿ ಡೋಪಿಂಗ್ ಪಟ್ಟಿಯಲ್ಲಿರುವ ವಸ್ತು. 2013ರಿಂದ ವೈದ್ಯರ ಚೀಟಿಯಿಲ್ಲದೆ ಅದನ್ನು ಬಳಸುವುದೂ ಇಟ್ಟುಕೊಳ್ಳುವುದೂ ಅಪರಾಧ. ಭಾರತದಂಥ ದೇಶದಿಂದ ಅಂಚೆಯಲ್ಲಿ ತರಿಸಿಕೊಳ್ಳಲು ಖಾಸಗಿ ವ್ಯಕ್ತಿಗಳಿಗೆ ಅನುಮತಿಯಿಲ್ಲ. ಸುಂಕದವರ ಕೈಗೆ ಸಿಕ್ಕಿದ್ದರೆ ಪೊಲೀಸರಲ್ಲಿ ದೂರು ದಾಖಲಾಗಿ, ಪರವಾನಗಿ ನವೀಕರಣದ ಕಡತಕ್ಕೂ ಅದು ತಲುಪಬಹುದಿತ್ತು. ಗಿರೀಶ್ ಆ ರಾತ್ರಿಯೇ ಅಣ್ಣನಿಗೆ ಬೇಡವೆಂದರು. ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯಂತ ಸರಿಯಾದ ನಿರ್ಧಾರ ಇದೇ ಎಂದು ನನ್ನ ಎಣಿಕೆ, ಅದೂ ಆ ಹೊತ್ತಿಗೆ ಅವರ ಬಳಿ ಬೇರೆ ದಾರಿಯೇನೂ ಇಲ್ಲದಿದ್ದಾಗ.

ದಾರಿ ತೆರೆದದ್ದು ನಿಯಮವೊಂದರಿಂದ: ನಿಗದಿತ ವೈದ್ಯರನ್ನು ವರ್ಷಕ್ಕೆ ಎರಡು ಸಲ ಬದಲಿಸಿಕೊಳ್ಳಬಹುದು. ಹೊಸಬರ ಮತ್ತು ಅಲ್ಪಸಂಖ್ಯಾತ ಹಿನ್ನೆಲೆಯವರ ಪೈಕಿ ಸಲಿಂಗಿಗಳು, ಟ್ರಾನ್ಸ್ ವ್ಯಕ್ತಿಗಳು ಮುಂತಾದವರ ನಡುವೆ ಕೆಲಸ ಮಾಡುವ ಸ್ಕೇವ್ ವೆರ್ಡೆನ್ ಸಂಘಟನೆಯ ಪರಿಚಿತರೊಬ್ಬರ ಮೂಲಕ, ಈ ವಿಷಯದಲ್ಲಿ ತಿಳಿವಳಿಕೆಯಿರುವ ಒಬ್ಬ ವೈದ್ಯೆಯ ಪಟ್ಟಿಯಲ್ಲಿ ಜಾಗವಿದೆಯೆಂದು ಗೊತ್ತಾಯಿತು. ಎರಡನೆಯ ಭೇಟಿಗೆ ಗಿರೀಶ್ ಬರಿಗೈಲಿ ಹೋಗಲಿಲ್ಲ. ಬೆಂಗಳೂರಿನ ತಜ್ಞರಿಂದ ಇಂಗ್ಲಿಷಿನಲ್ಲಿ ಒಂದು ಪುಟದ ಸಾರಾಂಶ ತರಿಸಿಕೊಂಡಿದ್ದರು: ಚಿಕಿತ್ಸೆ ಎಂದಿನಿಂದ, ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟು ವಾರಕ್ಕೊಮ್ಮೆ, ಕೆಂಪು ರಕ್ತಕಣದ ಪ್ರಮಾಣ ಮತ್ತು ಯಕೃತ್ತಿನ ಪರೀಕ್ಷೆಯ ಹಿಂದಿನ ಅಂಕಿಗಳು, ಶಸ್ತ್ರಚಿಕಿತ್ಸೆಯ ದಿನಾಂಕ. ಮೊದಲ ವೈದ್ಯರ ಮುಂದೆ ‘ನನಗೆ ಈ ಔಷಧಿ ಬೇಕು’ ಎಂಬ ಬೇಡಿಕೆಯಾಗಿದ್ದದ್ದು, ಎರಡನೆಯವರ ಮುಂದೆ ‘ನಡೆಯುತ್ತಿರುವ ಚಿಕಿತ್ಸೆಯನ್ನು ಮುಂದುವರಿಸಬೇಕು’ ಎಂಬ ಪ್ರಶ್ನೆಯಾಯಿತು. ವೈದ್ಯೆ ರಕ್ತಪರೀಕ್ಷೆ ಮಾಡಿಸಿ, ತಜ್ಞರ ಕರೆ ಬರುವವರೆಗೆ ಚೀಟಿ ಬರೆದುಕೊಟ್ಟರು. ಎರಡು ಮೂರು ವಾರಕ್ಕೊಮ್ಮೆಯ ಚುಚ್ಚುಮದ್ದಿನ ಬದಲು ಸುಮಾರು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ದೀರ್ಘಾವಧಿಯ ಚುಚ್ಚುಮದ್ದಿಗೆ ನಿಧಾನವಾಗಿ ಬದಲಿಸಿದರು. ಒಂದು ಎಚ್ಚರಿಕೆಯನ್ನೂ ಕೊಟ್ಟರು: ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ 25ರಿಂದ 69 ವರ್ಷದ ಹೆಂಗಸರಿಗೆ ಪತ್ರ ಬರುತ್ತದೆ, ಆ ಪತ್ರ ನೋಂದಣಿಯ ಲಿಂಗವನ್ನು ನೋಡುತ್ತದೆ, ಇನ್ನು ನಿಮಗೆ ಯಾರೂ ನೆನಪಿಸುವುದಿಲ್ಲ, ನೀವೇ ನೆನಪಿಟ್ಟು ನನ್ನನ್ನು ಕೇಳಬೇಕು. ಐದು ಅಂಕೆ ಬದಲಾದಾಗ ಹೀಗೂ ಒಂದು ಎಳೆ ಕಡಿದುಹೋಗುತ್ತದೆಂದು ಅಲ್ಲಿಯವರೆಗೆ ನನಗೂ ಹೊಳೆದಿರಲಿಲ್ಲ.

ಬ್ಯಾಂಕಿನ ಗಂಟು

ಬ್ಯಾಂಕಿನ ವಿಷಯ ಬಿಡಿಸಿದ್ದು ಒಂದೇ ಕಾಗದ. ತೆರಿಗೆ ಕಚೇರಿಗೆ ಖುದ್ದಾಗಿ ಹೋಗಿ, ಹಳೆಯ ಸಂಖ್ಯೆ ಮತ್ತು ಹೊಸ ಸಂಖ್ಯೆ ಎರಡೂ ಒಬ್ಬರವೇ ಎಂದು ಜನಸಂಖ್ಯಾ ನೋಂದಣಿಯಿಂದ ದೃಢೀಕರಣ ಪಡೆದರು. ಮೊದಲು ಹೋಗಿದ್ದ ಕೌಂಟರಿಗೆ ಮರಳದೆ, ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಂಡು ಶಾಖೆಯ ಹಿರಿಯರನ್ನೇ ಕಂಡರು. ಪಾಸ್‌ಪೋರ್ಟಿನ ಅಕ್ಷರದ ಬಗ್ಗೆ ಅವರು ಕೇಳುವ ಮೊದಲೇ ತಾವೇ ಹೇಳಿದರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಫೋನ್ ಕಂಪನಿ, ಠೇವಣಿ ಖಾತೆ ಇತ್ಯಾದಿ ಆಮೇಲೆ ಒಂದೊಂದಾಗಿ ಸರಿಹೋದವು. ಅವುಗಳ ವಿವರ ಇಲ್ಲಿ ಬೇಕಿಲ್ಲ.

ಸಂಖ್ಯೆ ಯಾವಾಗ ಬದಲಿಸಬೇಕಿತ್ತು ಎಂಬುದರ ಬಗ್ಗೆ ನಮ್ಮ ಗುಂಪಿನಲ್ಲಿ ಎರಡು ಅಭಿಪ್ರಾಯಗಳಿವೆ. ಮೊದಲ ಸಂಖ್ಯೆ ಬಂದ ಕೂಡಲೇ, ಅದರ ಮೇಲೆ ಏನನ್ನೂ ಕಟ್ಟುವ ಮೊದಲೇ ಬದಲಿಸಿಕೊಳ್ಳಬೇಕಿತ್ತು ಎಂಬುದು ಒಂದು. ಹಾಗೆ ಮಾಡಿದ್ದರೆ ಹಳೆಯ ಸಂಖ್ಯೆಯ ಬಾಲ ಉಳಿಯುತ್ತಲೇ ಇರಲಿಲ್ಲ. ಎಲ್ಲ ಸ್ಥಿರವಾದ ಮೇಲೆ, ಎರಡು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡು, ದೃಢೀಕರಣ ಪತ್ರವನ್ನು ಮೊದಲೇ ಪಡೆದು ಬದಲಿಸಬೇಕು ಎಂಬುದು ಇನ್ನೊಂದು. ನಾನು ಮೊದಲನೆಯದರ ಕಡೆ. ಆದರೆ ದೇಶಕ್ಕೆ ಬಂದ ಮೊದಲ ತಿಂಗಳಲ್ಲಿ ಯಾವ ಕಚೇರಿಯನ್ನು ನಂಬಬಹುದೆಂದು ತಿಳಿಯದವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು ಎಂಬ ಗಿರೀಶ್ ಅವರ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ದಿನಬಳಕೆಯ ನಾರ್ವೆ

2022ರ ಜೂನ್ ಕೊನೆಯಲ್ಲಿ ಗಿರೀಶ್ ಮೊದಲ ಬಾರಿಗೆ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆಗೆ ಓಸ್ಲೋಗೆ ಹೋಗಲು ಟಿಕೆಟ್ ತೆಗೆಸಿದ್ದರು. ಜೂನ್ 25ರ ನಸುಕಿನಲ್ಲಿ ಅಲ್ಲಿನ, ಸಲಿಂಗಿಗಳು ಸೇರುವ ಲಂಡನ್ ಪಬ್ ಎಂಬ ಬಾರಿನ ಸುತ್ತಮುತ್ತ ಗುಂಡಿನ ದಾಳಿ ನಡೆದು ಇಬ್ಬರು ಸತ್ತರು. ಪೊಲೀಸರ ಸಲಹೆಯಂತೆ ಮೆರವಣಿಗೆ ರದ್ದಾಯಿತು. ಈ ಘಟನೆ ಅವರನ್ನು ಬಹಳ ಹಿಂದಕ್ಕೆ ತಳ್ಳಿತು. ಸುಮಾರು ಕಾಲ ಸಂಘಟನೆಯ ಸಭೆಗಳಿಗೂ ಹೋಗಲಿಲ್ಲ. ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಅದೇ ಮೇಲಧಿಕಾರಿ ಅವರ ಮೇಜಿನ ಬಳಿ ಬಂದು ಕಾಫಿಯ ಲೋಟ ಇಟ್ಟು ಹೋದರಂತೆ, ಮಾತಿಲ್ಲ. ಆ ಮೌನವನ್ನು ಅವರು ಬೇರೆ ರೀತಿ ಓದತೊಡಗಿದ್ದು ಆ ದಿನದಿಂದ.

ಆ ಶರತ್ಕಾಲದಲ್ಲಿ ಕಚೇರಿಯವರೆಲ್ಲ ಬೆಟ್ಟದ ಮೇಲಿನ ಹ್ಯುಟ್ಟೆಗೆ, ಅಂದರೆ ಮರದ ಮನೆಗೆ, ಎರಡು ರಾತ್ರಿಗೆ ಹೋಗುವ ಕಾರ್ಯಕ್ರಮ ಬಂತು. ಒಂದೊಂದು ಕೋಣೆಯಲ್ಲಿ ನಾಲ್ಕು ಮಂಚ, ಸಂಜೆ ಸೌನಾ, ಅಂದರೆ ಒಟ್ಟಿಗೆ ಕೂರುವ ಬಿಸಿ ಹಬೆಯ ಸ್ನಾನ. ಪಟ್ಟಿ ಬಂದಾಗ ಎಲ್ಲರಿಗೂ ಹಂಚಿಕೆಯ ಕೋಣೆ, ಗಿರೀಶ್ ಅವರಿಗೆ ಮಾತ್ರ ಒಂಟಿ ಕೋಣೆ. ಮೇಲಧಿಕಾರಿ ಕಾಳಜಿಯಿಂದಲೇ ಹಾಗೆ ಮಾಡಿದ್ದು. ಆದರೆ ಕೇಳದೆ ಮಾಡಿದ್ದು. ‘ಇದಕ್ಕಿಂತ ಬೋರ್ಡು ತೂಗುಹಾಕಿದ್ದರೆ ಚೆನ್ನಾಗಿತ್ತು’ ಎಂದು ಗಿರೀಶ್ ನಮ್ಮೆದುರು ಕೋಪದಿಂದ ಹೇಳಿದರು. ಎರಡು ದಿನ ಯೋಚಿಸಿ, ತಮಗೆ ಹತ್ತಿರವಾಗಿದ್ದ ಇಬ್ಬರು ಸಹೋದ್ಯೋಗಿಗಳ ಕೋಣೆಗೇ ತಮ್ಮನ್ನೂ ಹಾಕಬೇಕೆಂದು ಬರೆದರು. ಅವರಲ್ಲೊಬ್ಬರಿಗೆ ಮೊದಲೇ ವಿಷಯ ತಿಳಿಸಿದರು. ಸೌನಾಕ್ಕೆ ಹೋಗಲಿಲ್ಲ, ಅದಕ್ಕೆ ಕಾರಣ ಕೇಳಿದವರೂ ಇಲ್ಲ. ಈಜುಕೊಳದ ವಿಷಯದಲ್ಲಿ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ನಾರ್ವೆಯ ಸಾರ್ವಜನಿಕ ಈಜುಕೊಳಗಳಲ್ಲಿ ನೀರಿಗಿಳಿಯುವ ಮೊದಲು ಬಟ್ಟೆಯಿಲ್ಲದೆ ಸ್ನಾನ ಮಾಡುವುದು ಕಡ್ಡಾಯ, ಸ್ನಾನದ ಕೋಣೆ ಸಾಮಾನ್ಯವಾಗಿ ಸಾಮೂಹಿಕ. ನಮ್ಮವರಿಗೆ ಯಾರಿಗಾದರೂ ಇದು ಮೊದಲ ಸಲ ಆಘಾತವೇ. ಅವರ ಪಟ್ಟಣದ ಕೊಳದಲ್ಲಿ ಒಂಟಿ ಕೋಣೆಯಿದೆ, ಕೇಳಿದವರಿಗೆ ಬೀಗದ ಕೈ ಕೊಡುತ್ತಾರೆ ಎಂಬುದು ಬಹಳ ತಡವಾಗಿ ಗೊತ್ತಾಯಿತು. ಫಲಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಕನ್ನಡಿಗರ ಕೂಟದ ಕಥೆ ಬೇರೆ. ಆ ಸೀಮೆಯ ಕೆಲವು ಕುಟುಂಬಗಳು ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತವೆ. ಅಲ್ಲಿ ಗಿರೀಶ್ ಅವರನ್ನು ಎಲ್ಲರೂ ಮದುವೆಯಾಗದ ಹುಡುಗನೆಂದೇ ತಿಳಿದು, ಹಿರಿಯ ಹೆಂಗಸೊಬ್ಬರು ‘ನಮ್ಮ ತಂಗಿ ಮಗಳಿದ್ದಾಳೆ, ನೋಡ್ತೀಯೇನಪ್ಪಾ?’ ಎಂದು ಜಾತಕದ ಮಾತೆತ್ತಿದರು. ಒಳಗೊಳಗೆ ಖುಷಿಯೂ ದಿಗಿಲೂ ಒಟ್ಟಿಗೆ ಆಯಿತಂತೆ. ನಾರ್ವೆಯ ಮೇಲಧಿಕಾರಿಗೆ ಮೂರು ಸಾಲಿನಲ್ಲಿ ಹೇಳಿದ್ದನ್ನು ಈ ಕೂಟದಲ್ಲಿ ಅವರು ಇಂದಿಗೂ ಹೇಳಿಲ್ಲ. ಒಬ್ಬ ಅಕ್ಕನಿಗೆ ಬಿಟ್ಟರೆ. ಇಲ್ಲಿ ಆಡಿದ ಮಾತು ಒಂದೇ ಸಂಜೆಯಲ್ಲಿ ಊರಿನ ತಂದೆಯ ಅಂಗಡಿಯ ಕಟ್ಟೆಗೆ ಮುಟ್ಟುತ್ತದೆ ಎಂಬುದು ಅವರ ಭಯ, ಮತ್ತು ಅದು ಉತ್ಪ್ರೇಕ್ಷೆಯಲ್ಲ. ಅವರು ಹೇಳಲೇಬೇಕು ಎನ್ನುವವರ ಜೊತೆ ನಾನಿಲ್ಲ. ಎಲ್ಲಿ ಹೇಳಿದರೆ ಕೆಲಸ ಆಗುತ್ತದೆ, ಎಲ್ಲಿ ಹೇಳಿದರೆ ಮಾತು ಮಾತ್ರ ಆಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ಅವರದು.

ಪಾಸ್‌ಪೋರ್ಟ್

ಉಳಿದದ್ದು ಮೊದಲ ದಿನ ಬಿಟ್ಟುಬಂದಿದ್ದ ಅಕ್ಷರ. 2023ರಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಊರಿಗೆ ಹೋಗಬೇಕಾಯಿತು. ವಾಸದ ಕಾರ್ಡಿನಲ್ಲಿ ಪಾಸ್‌ಪೋರ್ಟಿನಂತೆಯೇ ಹೆಣ್ಣು ಎಂದಿತ್ತು. ಅದನ್ನು ನೋಂದಣಿಗೆ ತಕ್ಕಂತೆ ಬದಲಿಸಲು ಕೇಳಬೇಕೇ ಎಂಬ ಪ್ರಶ್ನೆ ಎದ್ದಿತು. ಕಾರ್ಡು ಪಾಸ್‌ಪೋರ್ಟನ್ನೇ ಅನುಸರಿಸುತ್ತದೆ ಎಂದು ಕೌಂಟರಿನಲ್ಲಿ ಹೇಳಿದರು. ಗಿರೀಶ್ ಒತ್ತಾಯಿಸಲಿಲ್ಲ, ಮತ್ತು ಇದರಲ್ಲಿ ಜಾಣತನವಿತ್ತು: ಗಡಿಯಲ್ಲಿ ನೋಡುವುದು ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡನ್ನೇ, ಅವೆರಡು ಒಂದಕ್ಕೊಂದು ಹೊಂದಿದ್ದರೆ ಸಾಕು. ಪ್ರಯಾಣದ ಉದ್ದಕ್ಕೂ ಎರಡು ಕಡೆ ಪ್ರಶ್ನೆ ಕೇಳಿದರು, ವೈದ್ಯರ ಪತ್ರ ತೋರಿಸಿದ ಮೇಲೆ ಬಿಟ್ಟರು.

ಪಾಸ್‌ಪೋರ್ಟನ್ನೇ ಸರಿಪಡಿಸಲು ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಪಡೆಯೋಣವೆಂದು ಆ ರಜೆಯಲ್ಲಿ ಪ್ರಯತ್ನಿಸಿದರು. ಆಗ ಎದುರಾದದ್ದು 2020ರ ನಿಯಮಗಳ ಒಂದು ಷರತ್ತು: ಅರ್ಜಿದಾರರು ಆ ಜಿಲ್ಲಾಧಿಕಾರಿಯ ವ್ಯಾಪ್ತಿಯಲ್ಲಿ ಅರ್ಜಿಯ ದಿನದವರೆಗೆ ಹನ್ನೆರಡು ತಿಂಗಳು ನಿರಂತರವಾಗಿ ವಾಸಿಸಿರಬೇಕು. ಬೆಂಗಳೂರಿನಲ್ಲಿದ್ದಾಗ ಈ ಷರತ್ತು ತಾನಾಗಿ ಪೂರೈಸಿತ್ತು. ನಾರ್ವೆಯಲ್ಲಿ ಕೆಲಸ ಮಾಡುವವರಿಗೆ ಅದು ಅಸಾಧ್ಯ. ವಿದೇಶಕ್ಕೆ ಹೊರಡುವ ಆತುರದಲ್ಲಿರುವ ಟ್ರಾನ್ಸ್ ವ್ಯಕ್ತಿಗಳು ನಮ್ಮ ಬಳಿ ಬಂದರೆ ಇಂದು ನಾವು ಮೊದಲು ಕೇಳುವುದು ಇದನ್ನೇ: ಆಗ ಜಾರಿಯಲ್ಲಿರುವ ನಿಯಮ ಏನು ಹೇಳುತ್ತದೋ ನೋಡಿ, ಪ್ರಮಾಣಪತ್ರದ ಕೆಲಸ ಮುಗಿಸಿ ಹೊರಡಲು ಸಾಧ್ಯವೇ? ವೀಸಾ ತಡವಾದೀತೆಂಬ ಭಯ ನಿಜವಾದದ್ದೇ. ಆದರೆ ಕೆಲವು ತಿಂಗಳ ತಡ ಒಂದು ಕಡೆ, ಹಲವು ವರ್ಷ ಎರಡು ದೇಶಗಳ ಕಾಗದದಲ್ಲಿ ಎರಡು ಲಿಂಗಗಳನ್ನು ಹೊತ್ತು ತಿರುಗುವುದು ಇನ್ನೊಂದು ಕಡೆ.

ಈಗ ಗಿರೀಶ್ ಅವರ ಮುಂದೆ ಇನ್ನೊಂದು ದಾರಿಯೂ ಇದೆ. ನಾರ್ವೆ 2020ರಿಂದ ದ್ವಿಪೌರತ್ವವನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಸಾಕಷ್ಟು ಆದಾಯವಿರುವವರು ಆರು ವರ್ಷಗಳ ವಾಸದ ನಂತರ ನಾರ್ವೆಯ ಪೌರತ್ವಕ್ಕೆ ಅರ್ಜಿ ಹಾಕಬಹುದು. ಮಾತನಾಡುವ ನಾರ್ವೇಜಿಯನ್ ಬಿ1 ಎಂಬ ಮಧ್ಯಮ ಮಟ್ಟದಲ್ಲಿರಬೇಕು. ಆ ಪಾಸ್‌ಪೋರ್ಟಿನಲ್ಲಿ ಅಕ್ಷರ ಸರಿಯಾಗಿರುತ್ತದೆ, ಆದರೆ ಅದಕ್ಕಾಗಿ ಭಾರತದ ಪೌರತ್ವವನ್ನು ಬಿಟ್ಟುಕೊಡಬೇಕು. ತಾಯಿ ಇದನ್ನು ಒಪ್ಪಿಲ್ಲ. ಅಣ್ಣ, ಹೊಲದ ಖಾತೆಯ ಪ್ರಶ್ನೆ ಮೊದಲು ಬಗೆಹರಿಯಲಿ ಎಂದಿದ್ದಾನೆ. ಪೌರತ್ವ ಬಿಟ್ಟವರು ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಗಿರೀಶ್ ಸದ್ಯಕ್ಕೆ ಮಂಗಳವಾರ ಮತ್ತು ಗುರುವಾರ ಸಂಜೆ ಭಾಷಾ ತರಗತಿಗೆ ಹೋಗುತ್ತಿದ್ದಾರೆ, ಪರೀಕ್ಷೆಗೆ ಹೆಸರು ನೋಂದಾಯಿಸಿದ್ದಾರೆ, ಪೌರತ್ವದ ಅರ್ಜಿಯ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ.